ಹೋಗಲು ಎಂಟು ಗಂಟೆ, ಬರಲು ಏಳು ಗಂಟೆ

ಮಕ್ಕಳೇ, ನಿಮ್ಮ ಶಾಲೆಯಲ್ಲಿರುವ ಭೂಗೋಳವನ್ನು ಮೇಜಿನ ಮೇಲಿಡಿ. ಅದರಲ್ಲಿ ಇಂಗ್ಲೆಂಡಿನ ಲಂಡನ್ ಮತ್ತು ಅಮೆರಿಕದ ನ್ಯೂಯಾರ್ಕ್ ನಗರಗಳನ್ನು ಹುಡುಕಿ. ನಡುವೆ ಅಟ್ಲಾಂಟಿಕ್ ಸಾಗರವಿದೆ. ಎರಡೂ ನಗರಗಳ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ಕೆನಡಾದ ಮೂಲೆಯನ್ನು ಮುಟ್ಟಿಕೊಂಡು ಹೋಗುತ್ತದೆ, ಅಲ್ಲವೇ? ಇದೇ ಅತಿ ಹತ್ತಿರದ ದಾರಿ. ಇದರ ಉದ್ದ ಸುಮಾರು 5,500 ಕಿಲೋಮೀಟರ್.

ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಲು ವಿಮಾನಕ್ಕೆ ಸುಮಾರು 8 ಗಂಟೆ ಬೇಕು. ಆದರೆ ಹಿಂತಿರುಗಿ ಬರಲು ಸುಮಾರು 7 ಗಂಟೆ ಸಾಕು. ದೂರ ಅಷ್ಟೇ ಇದ್ದರೂ ಸಮಯ ಏಕೆ ಬೇರೆ?

ಭೂಮಿ ತಿರುಗುವುದೇ ಕಾರಣ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಯೋಚಿಸಿ ನೋಡಿ. ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ಹಾಗಾದರೆ ಪಶ್ಚಿಮಕ್ಕೆ ಹೊರಟ ವಿಮಾನದ ಕಡೆಗೆ ನ್ಯೂಯಾರ್ಕೇ ಬರುತ್ತಿರಬೇಕು, ವಿಮಾನ ಬೇಗ ತಲುಪಬೇಕು. ಆಗುವುದು ಇದಕ್ಕೆ ವಿರುದ್ಧ! ಭೂಮಿಯ ಜೊತೆಗೆ ಅದರ ಸುತ್ತಲಿನ ಗಾಳಿಯೂ ತಿರುಗುತ್ತದೆ. ಒಂದೇ ವೇಗದಲ್ಲಿ ಓಡುತ್ತಿರುವ ಬಸ್ಸಿನೊಳಗೆ ಚೆಂಡನ್ನು ನೇರವಾಗಿ ಮೇಲಕ್ಕೆಸೆದರೆ ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿಗೆ ಹೋಗುವುದಿಲ್ಲ. ಇದೂ ಹಾಗೆಯೇ.

ನಿಜವಾದ ಕಾರಣ ಎತ್ತರದಲ್ಲಿ ಬೀಸುವ ಗಾಳಿ. ನೆಲದಿಂದ ಸುಮಾರು 10 ಕಿಲೋಮೀಟರ್ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ನದಿಯಂತೆ ಹರಿಯುತ್ತದೆ. ಇದಕ್ಕೆ ಜೆಟ್ ಪ್ರವಾಹ ಎಂದು ಹೆಸರು. ಹೊಳೆಯ ಸೆಳವಿನ ಜೊತೆ ಸಾಗುವ ದೋಣಿ ಬೇಗ ಮುಂದೆ ಹೋಗುತ್ತದೆ, ಎದುರು ಸಾಗುವ ದೋಣಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಪೂರ್ವಕ್ಕೆ ಹೊರಟ ಪೈಲಟ್ ಈ ಗಾಳಿಯನ್ನು ಹುಡುಕಿಕೊಂಡು ಹೋಗುತ್ತಾನೆ, ಪಶ್ಚಿಮಕ್ಕೆ ಹೊರಟವನು ಆದಷ್ಟು ತಪ್ಪಿಸಿಕೊಳ್ಳುತ್ತಾನೆ. ಅದಕ್ಕಾಗಿ ತುಸು ಸುತ್ತುದಾರಿಯಾದರೂ ಸರಿಯೇ. 2020ರ ಫೆಬ್ರವರಿಯಲ್ಲಿ ಈ ಗಾಳಿ ಬಹಳ ಜೋರಾಗಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೋ ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲೇ ಬಂದಿಳಿಯಿತು!

ಈಗ ಒಂದು ಲೆಕ್ಕ. ಹೋಗುವಾಗ ಕಳೆದುಕೊಂಡ ಸಮಯವೆಲ್ಲ ಬರುವಾಗ ಮರಳಿ ಸಿಗುತ್ತದೆಯೇ? ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್, ಗಾಳಿಯ ವೇಗ 100 ಕಿಲೋಮೀಟರ್ ಎಂದುಕೊಳ್ಳಿ. ಹೋಗುವಾಗ ವೇಗ 800 ಆಗುತ್ತದೆ, ಸುಮಾರು 6 ಗಂಟೆ 52 ನಿಮಿಷ ಬೇಕು. ಬರುವಾಗ ವೇಗ 1,000, ಸಮಯ 5 ಗಂಟೆ 30 ನಿಮಿಷ. ಒಟ್ಟು 12 ಗಂಟೆ 22 ನಿಮಿಷ. ಗಾಳಿಯೇ ಇಲ್ಲದಿದ್ದರೆ? ಹೋಗಿ ಬರಲು 11,000 ಕಿಲೋಮೀಟರ್, ವೇಗ 900. ಸುಮಾರು 12 ಗಂಟೆ 13 ನಿಮಿಷ ಸಾಕು. 9 ನಿಮಿಷ ನಷ್ಟವಾಯಿತು! ವಿಮಾನವು ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ಅದಕ್ಕೇ ಲಾಭವು ನಷ್ಟಕ್ಕೆ ಸಮವಾಗುವುದಿಲ್ಲ.

ಗಾಳಿಯ ವೇಗ 200 ಕಿಲೋಮೀಟರ್ ಆದರೆ ಎಷ್ಟು ನಿಮಿಷ ನಷ್ಟ? ನೀವೇ ಲೆಕ್ಕ ಮಾಡಿ ನೋಡಿ.