ಕಾರಿನ ಚಪ್ಪರಕ್ಕೆ ಕಲ್ಲಿನ ಪಾದ

ಪ್ರಶ್ನೆ: ಬೆಳ್ಳಂದೂರಿನ ನಮ್ಮ ಮನೆ ಮುಂದೆ ಕಾರು, ಎರಡು ಸೈಕಲ್ ನಿಲ್ಲಿಸಲು ಮರದ ಚಪ್ಪರ ಮಾಡಿಸುವ ಆಸೆ. ಕಾಡಿಗೆ ಹೊರೆಯಾಗಬಾರದು. ಯಾವ ಮರ ಒಳ್ಳೆಯದು? ಬಾಳಿಕೆ ಬರುತ್ತದೆಯೇ?

ಉತ್ತರ: ಖಂಡಿತ ಬರುತ್ತದೆ, ಕಂಬದ ಬುಡ ಒಣಗಿದ್ದರೆ. 2022ರ ಸೆಪ್ಟೆಂಬರ್ ಮಳೆಗೆ ನಿಮ್ಮ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅಂಥ ತಗ್ಗಿನ ಜಾಗ ಅದು. ಕಂಬವನ್ನು ಮಣ್ಣಿನಲ್ಲಿ ಹೂತರೆ ನೆಲದ ಮಟ್ಟದಲ್ಲೇ ಕೊಳೆಯುತ್ತದೆ, ಗೆದ್ದಲೂ ಅಲ್ಲಿಂದಲೇ ಹತ್ತುತ್ತದೆ. ನಮ್ಮ ತೊಟ್ಟಿಮನೆಗಳ ಮರದ ಕಂಬಗಳು ಕಲ್ಲಿನ ಪಾದದ ಮೇಲೆ ನಿಂತಿರುವುದು ಇದಕ್ಕೇ. ನೀವೂ ಸಾದರಹಳ್ಳಿ ಕಲ್ಲಿನ ದಿಂಡನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಬರುವಂತೆ ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಕಂಬವನ್ನು ಅದಕ್ಕೆ ಬಿಗಿಸಿ. ಕಂಬಕ್ಕೂ ತೊಲೆಗೂ ನಡುವೆ ಓರೆ ಆಸರೆ ಕೊಡುವುದನ್ನು ಬಡಗಿ ಮರೆಯದಂತೆ ನೋಡಿಕೊಳ್ಳಿ. ಗೋಡೆಯಿಲ್ಲದ ಚಪ್ಪರ ಗಾಳಿಗೆ ವಾಲುತ್ತದೆ.

ಮರದ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಹಳೇ ಮನೆ ಕೆಡವಿದ ಕಡೆ ಸಿಗುವ ಹೊನ್ನೆ, ಮತ್ತಿ, ತೇಗದ ತೊಲೆಗಳು. ಅದಕ್ಕಾಗಿ ಹೊಸದಾಗಿ ಮರ ಕಡಿಯಬೇಕಿಲ್ಲ. ಹೊಸದೇ ಬೇಕೆಂದರೆ ನೆಡುತೋಪಿನ ಅಕೇಶಿಯಾ. ಕೊಯ್ದ ತುದಿಯನ್ನು ಬಗ್ಗಿ ನೋಡಿ: ನಡುವೆ ಕಂದು ಚೇಗು, ಸುತ್ತ ತೆಳು ಬಣ್ಣದ ಪಟ್ಟೆ. ಆ ತೆಳು ಭಾಗವೇ ಗೆದ್ದಲಿನ ಮೊದಲ ತುತ್ತು, ಅದನ್ನು ಕೆತ್ತಿಸಿಬಿಡಿ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ನಿಜ. ಔಷಧೋಪಚಾರ ಆಗದಿದ್ದರೆ ಹೊರಗಿನ ಮಳೆಗೆ ಅದು ತಡೆಯುವುದಿಲ್ಲ. ಅಂಗಡಿಯವರ ಮಾತಿನ ಮೇಲೆ ಅನುಮಾನ ಬಂದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಜಾತಿ ಗುರುತಿಸಿಕೊಳ್ಳಬಹುದು. ಬಳಿಯಲು ಕರಾವಳಿಯವರ ಗೇರೆಣ್ಣೆ ಒಳ್ಳೆಯದು, ಆದರೆ ಚರ್ಮ ಸುಡುತ್ತದೆ. ಕೈಗವಸು ಬೇಕೇ ಬೇಕು.

ಮೇಲೆ ಹಳೇ ಮಂಗಳೂರು ಹಂಚು ಹಾಕಿಸಿ. 13 ಅಡಿ ಅಗಲ, 18 ಅಡಿ ಉದ್ದದ ಮಾಡಿನ ಮೇಲೆ ಬೆಂಗಳೂರಿನ ಸುಮಾರು 970 ಮಿ.ಮೀ. ಮಳೆಯಲ್ಲಿ ವರ್ಷಕ್ಕೆ 20 ಸಾವಿರ ಲೀಟರಿನಷ್ಟು ನೀರು ಬೀಳುತ್ತದೆ. ಟ್ಯಾಂಕರಿಗೆ ದುಡ್ಡು ಸುರಿಯುವ ನಿಮ್ಮ ಕಡೆ ಅದನ್ನು ಚರಂಡಿಗೆ ಬಿಡುವುದುಂಟೆ? ದಂಬೆ ಕಟ್ಟಿ ತೊಟ್ಟಿಗೆ ಇಳಿಸಿ.

ಆ 13 ಅಡಿಯಲ್ಲಿ ಕೊನೆಯ ಮೂರು ಅಡಿ ಸೈಕಲ್ಲಿಗೆ, ಅದೂ ಗೇಟಿನ ಪಕ್ಕ. ಬಹಳ ಜನ ಕಾರಿನ ಹಿಂದೆ ಜಾಗ ಕೊಡುತ್ತಾರೆ. ಕಾರು ತೆಗೆದರೆ ಮಾತ್ರ ಹೊರಬರುವ ಸೈಕಲ್ಲನ್ನು ಯಾರೂ ತುಳಿಯುವುದಿಲ್ಲ. ಒಂದರ ಹಿಂದೆ ಒಂದು ನಿಲ್ಲಿಸಿದರೆ ಎರಡು ಸೈಕಲ್ಲಿಗೆ 12 ಅಡಿ ಸಾಕು; ಉಳಿದ ಆರಡಿಯಲ್ಲಿ ಗಾಳಿಪಂಪು, ಹೆಲ್ಮೆಟ್ಟು ಇಡಲು ಒಂದು ಹಲಗೆ ಹೊಡೆಸಿ. ಸೆಟ್‌ಬ್ಯಾಕ್ ಜಾಗವಾದರೆ ಕೆಲಸ ಶುರು ಮಾಡುವ ಮುಂಚೆ ಪಾಲಿಕೆ ಕಚೇರಿಯಲ್ಲಿ ಕೇಳಿಕೊಳ್ಳಿ.