ಇಲಿಮರಿಯ ಉಸಿರು

ಇಲಿ ಸಾಕಬೇಕು ಅಂತ ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವುದು, ಒಂದೇ ಮರಿ ತರಬೇಡಿ, ಎರಡು ತನ್ನಿ ಅಂತ. ಕೆಲಸ ಎರಡು ಪಟ್ಟಾಗುತ್ತದಲ್ಲ ಎಂದು ಅವರು ಅಂಜುತ್ತಾರೆ. ಆಗುವುದಿಲ್ಲ. ಅರ್ಧ ಕೆಲಸವನ್ನು ಎರಡನೆಯ ಇಲಿಯೇ ಮಾಡುತ್ತದೆ. ಇಲಿ ಗುಂಪಿನಲ್ಲಿ ಬದುಕುವ ಜೀವ. ಒಂದರ ಕುತ್ತಿಗೆಯನ್ನು ಇನ್ನೊಂದು ನೆಕ್ಕಿ ಚೊಕ್ಕಟ ಮಾಡಬೇಕು, ಒಂದರ ಮೇಲೊಂದು ಬಿದ್ದುಕೊಂಡು ಮಲಗಬೇಕು. ಹಗಲೆಲ್ಲ ನಾವೆಷ್ಟೇ ಮುದ್ದು ಮಾಡಿದರೂ ಅದು ಎದ್ದು ಓಡಾಡುವ ಸರಿರಾತ್ರಿಯಲ್ಲಿ ನಾವು ನಿದ್ದೆಯಲ್ಲಿರುತ್ತೇವೆ. ಆ ಹೊತ್ತಿಗೆ ಅದಕ್ಕೆ ಬೇಕಾದ್ದು ಇನ್ನೊಂದು ಇಲಿ.

ನಮ್ಮ ಮನೆಗೆ ಬಂದದ್ದು ಅಕ್ಕತಂಗಿಯರು. ಮಗಳ ಗೆಳತಿ ಅಂಗಡಿಯೊಂದರಿಂದ ತಂದ ಹೆಣ್ಣಿಲಿ ಬರುವಾಗಲೇ ಬಸುರಿಯಾಗಿತ್ತು; ಅಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲವನ್ನೂ ಒಂದೇ ಗಾಜಿನ ತೊಟ್ಟಿಯಲ್ಲಿ ತುಂಬಿದ್ದರು. ಆ ಇಲಿ ಹೆತ್ತ ಮರಿಗಳಲ್ಲಿ ಎರಡು ನಮ್ಮವು. ಇಲಿಯ ಬಸುರು 21ರಿಂದ 23 ದಿನ. ಹೆತ್ತ ಒಂದು ದಿನದೊಳಗೆ ಮತ್ತೆ ಬಸುರಾಗಬಲ್ಲದು. ಮರಿಗಳೂ ಕಾಯಿಸುವುದಿಲ್ಲ, 5 ವಾರ ತುಂಬುವ ಹೊತ್ತಿಗೆ ಕೆಲವು ಸ್ವತಃ ಮರಿಹಾಕುವ ವಯಸ್ಸಿಗೆ ಬಂದಿರುತ್ತವೆ. ಆದ್ದರಿಂದ ಅಷ್ಟರೊಳಗೆ ಗಂಡು ಹೆಣ್ಣುಗಳನ್ನು ಬೇರೆ ಮಾಡಲೇಬೇಕು. ಗುರುತಿಸುವುದು ಕಷ್ಟವಲ್ಲ. ಆ ವಯಸ್ಸಿಗೆ ಗಂಡಿನ ಬೀಜಗಳು ಬಾಲದ ಬುಡದಲ್ಲಿ ಎದ್ದು ಕಾಣುತ್ತವೆ, ಹೆಣ್ಣಿನ ಹೊಟ್ಟೆಯ ಮೇಲೆ ಮೊಲೆತೊಟ್ಟುಗಳ ಸಾಲು ಕಾಣುತ್ತದೆ. ಮಾರುವವರ ಮಾತಿಗೆ ಬಿಡದೆ ನಾವೇ ನೋಡಿಕೊಳ್ಳುವುದು ಒಳ್ಳೆಯದು.

ಒಬ್ಬಳು ತಲೆ, ಭುಜದವರೆಗೆ ಕಪ್ಪು, ಉಳಿದದ್ದು ಬಿಳಿ. ಇನ್ನೊಬ್ಬಳು ಪೂರ್ತಿ ಬಿಳಿ, ಕಣ್ಣು ಕೆಂಪು. ಸಂಕ್ರಾಂತಿ ಹತ್ತಿರವಿತ್ತು. ಮಗಳು ಎಳ್ಳು, ಕೊಬ್ಬರಿ ಎಂದು ಹೆಸರಿಟ್ಟಳು.

"ಇಲಿ ಬಂದ್ರೆ ಓಡಿಸ್ತಾರೆ ಕಣೇ, ನೀನು ಕರ್ಕೊಂಡು ಬರ್ತಿದೀಯಲ್ಲ!" ಅಂದಳು ಅಮ್ಮ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಾವಿರುವುದು ಬಸವನಗುಡಿಯಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು, ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಿದ್ದ ಮೇಲೆ ಬೆಳೆದ ಬಡಾವಣೆ ಇದು, ಮಲ್ಲೇಶ್ವರವೂ ಹಾಗೆಯೇ. ಮನೆಯಲ್ಲಿ ಇಲಿ ಬಿತ್ತೆಂದರೆ ಗಂಟುಮೂಟೆ ಕಟ್ಟಿ ಊರಾಚೆಯ ಗುಡಿಸಲಿಗೆ ಹೋಗುತ್ತಿದ್ದ ಕಾಲದ ಕಥೆಗಳನ್ನು ಅಮ್ಮ ತನ್ನ ಅಜ್ಜಿಯಿಂದ ಕೇಳಿ ಬೆಳೆದವಳು. ಅವಳ ಭಯಕ್ಕೆ ಬುಡವಿದೆ. ಅದಕ್ಕೆ ಕೊಡಬೇಕಾದ ಉತ್ತರ ಮಾಹಿತಿಯೇ ಹೊರತು ಜಗಳವಲ್ಲ. ನಮ್ಮಲ್ಲಿ ಪ್ಲೇಗಿನ ಚಿಗಟವನ್ನು ಹೊತ್ತದ್ದು ಮುಖ್ಯವಾಗಿ ಮನೆ ಸೂರಿನ ಕಪ್ಪಿಲಿ. ಸಾಕುವ ಇಲಿ ಕಂದಿಲಿಯ ಸಂತತಿ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನಿದ್ದ. ಬಣ್ಣ ವಿಚಿತ್ರವಾಗಿದ್ದ ಇಲಿ ಸಿಕ್ಕರೆ ಕೊಲ್ಲದೆ ಸಾಕಿ, ಮರಿ ಮಾಡಿಸಿ ಮಾರುತ್ತಿದ್ದ. 1901ರಲ್ಲಿ ಮೇರಿ ಡಗ್ಲಸ್ ಎಂಬಾಕೆ ಪಟ್ಟು ಹಿಡಿದು ಇಂಗ್ಲೆಂಡಿನ ಸಾಕು ಸುಂಡಿಲಿಗಳ ಪ್ರದರ್ಶನದಲ್ಲಿ ಇಲಿಗಳಿಗೂ ಜಾಗ ಕೊಡಿಸಿದರು. ಅಂದರೆ ಮನುಷ್ಯರ ಕೈಯಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಳೆದಿರುವ ಪ್ರಾಣಿ ಇದು. ಹಾಗೆಂದು ಎಚ್ಚರ ಬಿಡುವಂತಿಲ್ಲ. ಇಲಿಜ್ವರ ತರುವ ಸೂಕ್ಷ್ಮಾಣು ಇಲಿಗಳ ಮೂತ್ರದಿಂದ ಹರಡುತ್ತದೆ. ಮೋರಿಯ ಹೆಗ್ಗಣ ನಮ್ಮ ಪಂಜರದ ಹತ್ತಿರ, ಅವುಗಳ ಧಾನ್ಯದ ಡಬ್ಬಿಯ ಹತ್ತಿರ ಸುಳಿಯಬಾರದು. ಕೈ ತೊಳೆಯದೆ ಮಗಳು ಊಟಕ್ಕೆ ಕೂರುವಂತಿಲ್ಲ. ಇಷ್ಟನ್ನು ಖಚಿತವಾಗಿ ಹೇಳಿದ ಮೇಲೆ ಅಮ್ಮ ಒಪ್ಪಿದಳು. ಪಂಜರ ಮಾತ್ರ ಅಡುಗೆಮನೆಯಿಂದ ದೂರ ಇರಬೇಕೆಂದಳು. ಆ ಷರತ್ತು ಇಲಿಗಳಿಗೇ ಎಷ್ಟು ಒಳ್ಳೆಯದೆಂದು ಆಮೇಲೆ ತಿಳಿಯಿತು.

ಬಂದ ಹೊಸದರಲ್ಲಿ ಇಬ್ಬರೂ ಬಟ್ಟೆಯ ಮುದ್ದೆಯೊಳಗಿಂದ ಹೊರಗೆ ಬರಲಿಲ್ಲ. ಇಲಿಗೆ ಶತ್ರು ಬರುವುದು ಮೇಲಿನಿಂದ, ಹದ್ದು ಗೂಬೆಗಳ ರೂಪದಲ್ಲಿ. ಮೇಲಿನಿಂದ ಇಳಿದ ಕೈ ಎಷ್ಟೇ ಪ್ರೀತಿಯದಾದರೂ ಅದಕ್ಕೆ ಹದ್ದೇ. ಪಂಜರದ ಪಕ್ಕದ ಬಾಗಿಲಿನಿಂದ ಅಂಗೈ ಮೇಲೆ ಮಾಡಿ ಇಟ್ಟು ಸುಮ್ಮನೆ ಕೂರಬೇಕು. ನಾನು ಉಟ್ಟು ಬಿಟ್ಟ ಹಳೆಯ ದುಪಟ್ಟಾದ ತುಂಡೊಂದನ್ನು ಅವುಗಳ ಮಲಗುವ ಮೂಲೆಗೆ ಹಾಕಿದ್ದೆ, ನನ್ನ ವಾಸನೆ ನಿದ್ದೆಯ ಜೊತೆ ಸೇರಲಿ ಅಂತ. ಬೆರಳಿಗೆ ಒಂದು ಹನಿ ಮೊಸರು ಸವರಿಕೊಂಡು ಕೂತರೆ ಇನ್ನೂ ಒಳ್ಳೆಯದು; ಮೊಸರನ್ನು ಕಚ್ಚಿಕೊಂಡು ಓಡಲಾಗುವುದಿಲ್ಲ, ನಿಂತು ನೆಕ್ಕಬೇಕು. ಎಳ್ಳು ಮೊದಲು ಬಂದಳು. ಕೊಬ್ಬರಿ ದೂರದಲ್ಲೇ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತೂಗುತ್ತಿದ್ದಳು. ನರದ ಕಾಯಿಲೆಯೇನೋ ಎಂದು ನನಗೆ ಗಾಬರಿ. ಕೆಂಪು ಕಣ್ಣಿನ ಇಲಿಗಳಿಗೆ ದೃಷ್ಟಿ ತೀರ ಮಂದ. ತಲೆ ತೂಗಿ ನೋಡಿದರೆ ಹತ್ತಿರದ ವಸ್ತು ಹೆಚ್ಚು ಸರಿದಂತೆ, ದೂರದ್ದು ಕಡಿಮೆ ಸರಿದಂತೆ ಕಾಣುತ್ತದೆ. ಅದರಿಂದ ದೂರವನ್ನು ಅಳೆಯುತ್ತವೆ. ನನ್ನ ಕೈ ಎಷ್ಟು ದೂರದಲ್ಲಿದೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಅಂದಿನಿಂದ ಅವಳ ಹತ್ತಿರ ಹೋಗುವಾಗ ಮೊದಲು ಹೆಸರು ಕರೆಯುತ್ತೇನೆ. ಎತ್ತುವಾಗ ಎದೆಯ ಕೆಳಗೊಂದು ಕೈ, ಹಿಂಗಾಲಿಗೊಂದು ಕೈ. ಬಾಲ ಹಿಡಿದು ಎತ್ತಕೂಡದು. ಬಾಲದ ಚರ್ಮ ಸುಲಿದು ಬರುವ ಅಪಾಯವಿದೆ.

ಊಟದ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಇಬ್ಬರ ನಡುವಿನ ವ್ಯವಹಾರ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹೋದಂತೆಯೇ. ಅದಕ್ಕೇ ಹೊಸ ತಿನಿಸೆಂದರೆ ಅನುಮಾನ. ಒಂದು ಚೂರು ಕಚ್ಚಿ ಬಿಟ್ಟುಹೋಗುತ್ತದೆ. ಬೇಯಿಸಿದ ಹೆಸರುಕಾಳನ್ನು ಕೊಬ್ಬರಿ ಮೂಸಿಯೂ ನೋಡಿರಲಿಲ್ಲ. ಎಳ್ಳು ತಿಂದು ಬಂದಾಗ ಕೊಬ್ಬರಿ ಅವಳ ಬಾಯಿಗೆ ಮೂಗು ತಾಗಿಸಿ, ಮೀಸೆಗೆ ಮೀಸೆ ಸೇರಿಸಿ, ಉಸಿರನ್ನು ಬಹಳ ಹೊತ್ತು ಮೂಸಿದಳು. ಆಮೇಲೆ ನೇರ ಬಟ್ಟಲಿಗೆ ಹೋದಳು. ಜೊತೆಗಾರರ ಉಸಿರಿನಲ್ಲಿ ಬಂದ ತಿನಿಸಿನ ವಾಸನೆಯನ್ನು ಇಲಿಗಳು ನಂಬುತ್ತವೆ, ಇದು ಪ್ರಯೋಗಗಳಲ್ಲೂ ಕಂಡುಬಂದ ಸಂಗತಿ. ಬೆಳೆಯುವ ಮರಿಗೆ ಪ್ರೋಟೀನ್ ಹೆಚ್ಚು ಬೇಕು. ಪ್ರಯೋಗಾಲಯದ ಇಲಿಗಳಿಗೆಂದು ತಯಾರಿಸುವ ಗಟ್ಟಿ ಗುಳಿಗೆಯೇ ಮುಖ್ಯ ಆಹಾರ, ಜೊತೆಗೆ ಬೇಯಿಸಿದ ಕಾಳು, ಮೊಟ್ಟೆ, ಸೊಪ್ಪು, ಸೌತೆಕಾಯಿ. ಬರೀ ಕಾಳು ಬೀಜಗಳ ಮಿಶ್ರಣ ಹಾಕಿದರೆ ಸೂರ್ಯಕಾಂತಿ ಬೀಜ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತವೆ. ಹಸಿ ರಾಜ್ಮಾ ಬೇಡ. ಗಂಟಲಿಗೆ ಅಂಟುವಂಥದ್ದು ಬೇಡವೇ ಬೇಡ. ರಾಗಿ ಮುದ್ದೆ ಕೊಡೋಣ ಎಂದಿದ್ದಳು ಅಮ್ಮ. ಬದಲಿಗೆ ರಾಗಿ ರೊಟ್ಟಿಯ ಒಣ ಅಂಚು ಕೊಡುತ್ತೇವೆ.

ಆದರೆ ಹೊಸಬರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಉಸಿರಿಗೆ. ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾ ಸಾಕು ಇಲಿಗಳಲ್ಲಿ ಸರ್ವೇಸಾಮಾನ್ಯ. ತಾಯಿಯಿಂದಲೇ ಮರಿಗೆ ಬಂದು ಶ್ವಾಸನಾಳದಲ್ಲಿ ತೆಪ್ಪಗೆ ಇರುತ್ತದೆ. ಧೂಳು, ಹೊಗೆ, ಭಯ, ಮೂತ್ರದಿಂದ ಏಳುವ ಅಮೋನಿಯಾ, ಇವುಗಳಲ್ಲಿ ಯಾವುದೊಂದು ಸಿಕ್ಕರೂ ಎದ್ದು ಕೂರುತ್ತದೆ. ಗಾಜಿನ ತೊಟ್ಟಿಯಲ್ಲಿ ಗಾಳಿಯಾಡುವುದಿಲ್ಲ, ಅಮೋನಿಯಾ ತಳದಲ್ಲೇ ನಿಲ್ಲುತ್ತದೆ. ತಂತಿಯ ಪಂಜರವೇ ಸರಿ. ಮರಿಗಳು ತಲೆ ತೂರಿದಲ್ಲಿ ಮೈ ತೂರಿಸುತ್ತವೆ, ಆದ್ದರಿಂದ ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಇರಬಾರದು. ಸಾಮಿಲ್ಲಿನಲ್ಲಿ ಸಿಗುವ ಮರದ ಹೊಟ್ಟು ಅಗ್ಗ, ಆದರೆ ಬೇಡ. ಅದರ ಧೂಳೂ ಕೆಟ್ಟದ್ದು, ಪೈನ್, ದೇವದಾರುಗಳ ಘಾಟೂ ಕೆಟ್ಟದ್ದು. ನಾವು ಹಾಸುವುದು ಚೂರು ಮಾಡಿದ ಕಾಗದ, ಹಳೆಯ ಹತ್ತಿ ಬಟ್ಟೆ. ಬಟ್ಟೆಯ ಅಂಚಿನಲ್ಲಿ ಬಿಚ್ಚಿಕೊಂಡ ದಾರ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದನ್ನು ಕತ್ತರಿಸಿಯೇ ಹಾಕಬೇಕು. ಫಿನಾಯಿಲ್ ಹತ್ತಿರ ತರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ತೊಳೆದು ವಾಸನೆ ಪೂರ್ತಿ ಕಳೆದರೆ ಇಲಿಗಳು ಕಂಗಾಲಾಗಿ ಮೊದಲಿಗಿಂತ ಹೆಚ್ಚು ಮೂತ್ರ ಹನಿಸಿ ಗುರುತು ಹಾಕುತ್ತವೆ, ಆದ್ದರಿಂದ ಹಳೆಯ ಹಾಸಿನ ಒಂದು ಹಿಡಿಯನ್ನು ಉಳಿಸುತ್ತೇವೆ. ಇನ್ನು ನಮ್ಮ ಮನೆಗಳ ಹೊಗೆ: ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ಒಣಮೆಣಸಿನಕಾಯಿಯ ಒಗ್ಗರಣೆ. ನಮಗೇ ಕೆಮ್ಮು ಬರಿಸುವ ಘಾಟು ಅಷ್ಟು ಸಣ್ಣ ಶ್ವಾಸಕೋಶಕ್ಕೆ ಏನು ಮಾಡೀತು! ಅಡುಗೆಮನೆಯಿಂದ ದೂರ ಇಡು ಎಂದ ಅಮ್ಮನ ಮಾತು ಇಲ್ಲಿ ಕಾಪಾಡಿತು. ಸೊಳ್ಳೆಗೆ ಪಂಜರದ ಮೇಲೆ ಪರದೆ ಹಾಕುತ್ತೇವೆ.

ದೀಪಾವಳಿಯ ಮರುದಿನ ಕೊಬ್ಬರಿಯ ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಕೆಂಪು ಕಲೆ. ಮಗಳು ರಕ್ತ ಎಂದು ಅತ್ತುಬಿಟ್ಟಳು. ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯೊಂದು ಪಾರ್ಫಿರಿನ್ ಎಂಬ ಕೆಂಪು ವಸ್ತುವನ್ನು ಸ್ರವಿಸುತ್ತದೆ. ಆರೋಗ್ಯದ ಇಲಿ ಮುಖ ಒರೆಸಿಕೊಂಡು ಅದನ್ನು ಕಾಣಗೊಡುವುದಿಲ್ಲ. ಅದು ಉಳಿದು ಕಂಡರೆ ಇಲಿ ಹೆದರಿದೆ, ಇಲ್ಲವೇ ಹುಷಾರಿಲ್ಲ ಎಂದರ್ಥ. ಹೊಸ ಮನೆಗೆ ಬಂದ ಮರಿ ಕೆಲವು ದಿನ ಸೀನುವುದು ಸಹಜ. ಸೀನಿಗೂ ಎದೆಯ ತೊಂದರೆಗೂ ವ್ಯತ್ಯಾಸ ತಿಳಿಯಲು ಒಂದು ದಾರಿಯಿದೆ. ಕೊಬ್ಬರಿಯನ್ನು ಅಂಗೈಯಲ್ಲಿ ಹಿಡಿದು ಅವಳ ಪಕ್ಕೆಯನ್ನು ಕಿವಿಗೆ ತಾಗಿಸಿಕೊಂಡೆ. ಚೆನ್ನಾಗಿದ್ದಾಗ ಅಲ್ಲಿ ಉಸಿರಿನ ಸದ್ದೇ ಇರುವುದಿಲ್ಲ. ನಿಮಿಷಕ್ಕೆ 300ಕ್ಕೂ ಮೀರಿ ಬಡಿಯುವ ಹೃದಯದ ಕಂಪನ ಮಾತ್ರ ಕೆನ್ನೆಗೆ ತಾಗುತ್ತದೆ. ಅಂದು ಅದರ ಜೊತೆಗೆ ಸಣ್ಣದೊಂದು ಗರಗರ ಇತ್ತು. ಫೋನ್ ಮಾಡಿದ ಮೊದಲ ಕ್ಲಿನಿಕ್‌ನಲ್ಲಿ ನಾಯಿ ಬೆಕ್ಕು ಬಿಟ್ಟು ಬೇರೇನೂ ನೋಡುವುದಿಲ್ಲ ಎಂದರು. ಇಲಿ, ಮೊಲ, ಗಿಳಿಗಳನ್ನು ನೋಡುವ ಡಾಕ್ಟರೊಬ್ಬರು ನಗರದ ಇನ್ನೊಂದು ತುದಿಯಲ್ಲಿ ಸಿಕ್ಕರು. ಅವರು ಮೊದಲು ಕೇಳಿದ್ದು ಗ್ರಾಂ ಲೆಕ್ಕದಲ್ಲಿ ತೂಕ, ಮತ್ತೆ ತೂಕದಲ್ಲಿ ಏರಿಳಿತ. ಮರಿ ಬಂದಾಗಿನಿಂದ ಅಡುಗೆಯ ತಕ್ಕಡಿಯಲ್ಲಿ ತೂಗಿ ಮಗಳು ಬರೆದಿಟ್ಟಿದ್ದ ಪುಸ್ತಕ ಅಲ್ಲಿ ಉಪಯೋಗಕ್ಕೆ ಬಂತು. ಡಾಕ್ಸಿಸೈಕ್ಲಿನ್ ಔಷಧಿಯನ್ನು ತೂಕಕ್ಕೆ ಸರಿಯಾಗಿ ಕೊಟ್ಟು, ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸಲು ತೋರಿಸಿದರು. ಸಣ್ಣ ಪ್ರಾಣಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ. ಗೂಡಿನಲ್ಲಿ ಮುದುರಿ ಕುಳಿತು, ಪಕ್ಕೆ ಒಳಸೇದಿ ಉಸಿರಾಡುವುದು ಕಂಡರೆ ನಾಳೆಗೆ ತಳ್ಳುವಂತಿಲ್ಲ, ಆ ರಾತ್ರಿಯೇ ಹೊರಡಬೇಕು. ಪಂಜರ ಕೊಳ್ಳುವುದಕ್ಕಿಂತ ಮುಂಚೆ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ.

ಬೇಸಗೆಯದು ಇನ್ನೊಂದು ಕಾಳಜಿ. ಇಲಿ ನಮ್ಮಂತೆ ಬೆವರುವುದಿಲ್ಲ, ಬಾಲದ ಮೂಲಕ ಮೈಯ ಬಿಸಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಬೆಂಗಳೂರು 35 ಡಿಗ್ರಿ ಮುಟ್ಟಿದಾಗ ಬಟ್ಟೆ ಸುತ್ತಿದ ಐಸಿನ ಬಾಟಲಿ, ಒರಗಲು ತಣ್ಣನೆಯ ಟೈಲ್ಸ್ ತುಂಡು, ತಟ್ಟೆಯಲ್ಲಿ ತೆಳು ನೀರು ಬಿಟ್ಟು ಅದರಲ್ಲಿ ಬಟಾಣಿ. ಬಟಾಣಿ ಹೆಕ್ಕುವ ನೆಪದಲ್ಲಿ ಕಾಲು ಒದ್ದೆ ಮಾಡಿಕೊಳ್ಳುತ್ತವೆ.

ಮರಿಗಳ ಕುಸ್ತಿ ನೋಡಿ ಮೊದಮೊದಲು ಬಿಡಿಸಲು ಹೋಗುತ್ತಿದ್ದೆವು. ಒಂದು ಇನ್ನೊಂದನ್ನು ಅಂಗಾತ ಕೆಡವುತ್ತದೆ, ಕೆಳಗಿದ್ದದ್ದು ಚೀರುತ್ತದೆ, ಮರುಕ್ಷಣ ಅದೇ ಎದ್ದು ಬೆನ್ನಟ್ಟುತ್ತದೆ. ಕೂದಲು ನಿಗುರಿಸಿ, ಮೈ ಅಡ್ಡ ಮಾಡಿ ಸರಿಯುತ್ತಾ ಬಂದರೆ ಮಾತ್ರ ಜಗಳ. ಉಳಿದದ್ದೆಲ್ಲ ಆಟ. ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಎಳೆಯ ಇಲಿಗಳಿಗೆ ಕಚಗುಳಿ ಇಟ್ಟು, ಅವು 50 ಕಿಲೋಹರ್ಟ್ಸ್ ಸುಮಾರಿನ ಸದ್ದು ಹೊರಡಿಸುವುದನ್ನು ದಾಖಲಿಸಿದರು. ನಮ್ಮ ಕಿವಿಗೆ ಕೇಳಿಸುವ ಮಿತಿ 20 ಕಿಲೋಹರ್ಟ್ಸ್. ಎಳ್ಳುವಿನ ಕುತ್ತಿಗೆಗೆ ಕಚಗುಳಿ ಇಟ್ಟರೆ ನಮಗೆ ಏನೂ ಕೇಳಿಸುವುದಿಲ್ಲ. ಆದರೆ ಕೈ ತೆಗೆದರೆ ಬೆನ್ನುಹತ್ತಿ ಬಂದು ಕತ್ತೊಡ್ಡುತ್ತಾಳೆ. ತೀರ ನೆಮ್ಮದಿಯಾದಾಗ ಹಲ್ಲು ಕಟಕಟ ಮಸೆಯುತ್ತಾಳೆ, ದವಡೆಯ ಸ್ನಾಯು ಕಣ್ಣಿನ ಹಿಂದೆ ಹಾದುಹೋಗುವುದರಿಂದ ಕಣ್ಣುಗುಡ್ಡೆ ಒಳಗೆ ಹೊರಗೆ ಕುಣಿಯುತ್ತದೆ. ಬಂದವರು ಹೌಹಾರುತ್ತಾರೆ, ನಮಗೆ ಅದಕ್ಕಿಂತ ಸಂತೋಷದ ದೃಶ್ಯ ಇನ್ನೊಂದಿಲ್ಲ.

ಇಲಿಯ ಆಯುಸ್ಸು ಎರಡರಿಂದ ಮೂರು ವರ್ಷ. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲ ದಿನವೇ ಹೇಳಿಬಿಡಬೇಕು, ನಾವು ಹೇಳಿದ್ದೆವು. ವಯಸ್ಸಾದ ಹೆಣ್ಣಿಲಿಗಳಿಗೆ ಮೊಲೆಯ ಗಡ್ಡೆ ಬರುವುದು ಹೆಚ್ಚು. ಬಹುಪಾಲು ಕ್ಯಾನ್ಸರ್ ಅಲ್ಲದಿದ್ದರೂ ಬೇಗ ಬೆಳೆಯುತ್ತವೆ. ಮೊಲೆಯ ಅಂಗಾಂಶ ಕುತ್ತಿಗೆಯಿಂದ ತೊಡೆಯ ಸಂದಿಯವರೆಗೂ ಹರಡಿರುವುದರಿಂದ ಗಡ್ಡೆ ಎಲ್ಲಾದರೂ ಏಳಬಹುದು. ತೂಕ ನೋಡುವ ದಿನ ಮೈಯನ್ನೆಲ್ಲ ಬೆರಳಿನಿಂದ ಸವರಿ ನೋಡುವುದು ರೂಢಿ. ಹಾಗೆ ಸವರುವಾಗ ಈಚೆಗೆ ಎಳ್ಳುವಿನ ಮುಂಗಾಲಿನ ಸಂದಿಯಲ್ಲಿ ತೊಗರಿಬೇಳೆಯಷ್ಟು ಗಟ್ಟಿ ಸಿಕ್ಕಿತು. ಚಿಕ್ಕದಿರುವಾಗಲೇ ತೆಗೆಯೋಣ ಎಂದಿದ್ದಾರೆ ಡಾಕ್ಟರು. ವಾಂತಿ ಮಾಡಲಾರದ ಪ್ರಾಣಿ ಇದು, ನಾಯಿಗಳ ಹಾಗೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಕಿಲ್ಲವಂತೆ. ಕರೆದೊಯ್ಯುವ ಪೆಟ್ಟಿಗೆಯಲ್ಲಿ ಕೊಬ್ಬರಿಯನ್ನೂ ಜೊತೆಗೆ ಕರೆತರಲು ಅವರೇ ಹೇಳಿದ್ದಾರೆ.