ತೊಡೆಸಂದಿನ ಹರ್ನಿಯಾ: ವ್ಯಾಯಾಮವೋ, ಶಸ್ತ್ರಚಿಕಿತ್ಸೆಯೋ?

ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ದೇಹಶ್ರಮವನ್ನೇ ನಂಬಿ ಬಾಳುವವರ ಸಂಖ್ಯೆ ಸಣ್ಣದಲ್ಲ. ಮಾಟುಂಗಾದಿಂದ ಡೊಂಬಿವಲಿಯವರೆಗಿನ ಹೋಟೆಲುಗಳ ಅಡುಗೆಮನೆಯಲ್ಲಿ ದೋಸೆಹಿಟ್ಟಿನ ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸುವವರು, ಬಂದರುಗಳಲ್ಲಿ ಮೀನಿನ ಬುಟ್ಟಿ ಹೊರುವವರು, ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಚೀಲ ಹೊರುವವರು, ಲಿಫ್ಟ್ ಇಲ್ಲದ ಚಾಳುಗಳ ಮೂರನೆಯ ಮಾಳಿಗೆಗೆ ನೀರಿನ ಕೊಡ ಸಾಗಿಸುವವರು, ಇವರೆಲ್ಲರೂ ಆ ವರ್ಗಕ್ಕೆ ಸೇರಿದವರೇ. ಇಂಥವರಲ್ಲಿ ಅನೇಕರು ಯಾರೊಡನೆಯೂ ಹೇಳಿಕೊಳ್ಳದೆ ವರ್ಷಾನುಗಟ್ಟಲೆ ಬಚ್ಚಿಟ್ಟುಕೊಳ್ಳುವ ವ್ಯಾಧಿಯೊಂದಿದೆ. ಅದೇ ತೊಡೆಸಂದಿನ ಹರ್ನಿಯಾ.

ಬಚ್ಚಿಡಲು ಕಾರಣಗಳು ಎರಡು. ಒಂದು, ವ್ಯಾಧಿಯಿರುವ ಜಾಗದ ಬಗೆಗಿನ ಸಂಕೋಚ. ಇನ್ನೊಂದು, ಆಸ್ಪತ್ರೆ ಸೇರಿದರೆ ಸಂಬಳ ನಿಂತೀತು, ಕೆಲಸವೇ ಹೋದೀತು ಎಂಬ ಭಯ. ಇಂತಹ ಮನಃಸ್ಥಿತಿಯಲ್ಲಿರುವವನಿಗೆ, ಕತ್ತರಿ ಹಾಕಿಸಿಕೊಳ್ಳುವುದು ಬೇಡ, ದಿನವೂ ನಾಲ್ಕು ಆಸನ ಮಾಡಿದರೆ ಗಂಟು ತಾನಾಗಿ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅಮೃತವಾಣಿಯಂತೆ ಕೇಳಿಸುವುದು ಸಹಜ. ಈ ಸಲಹೆಯಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವ್ಯಾಧಿಯ ಸ್ವರೂಪ

ಉದರದ ಮುಂಭಾಗದ ಗೋಡೆಯು ಸ್ನಾಯುಗಳ ಹಾಗೂ ಗಟ್ಟಿಯಾದ ತಂತುಪೊರೆಗಳ ಪದರಗಳಿಂದಾಗಿದೆ. ಈ ಗೋಡೆಯ ಕೆಳಭಾಗದಲ್ಲಿ, ಎಡಬಲಗಳ ತೊಡೆಸಂದಿನಲ್ಲಿ, ಸುಮಾರು 4 ಸೆಂಟಿಮೀಟರ್ ಉದ್ದದ ಓರೆಯಾದ ಒಂದೊಂದು ನಾಳವಿದೆ. ಗಂಡು ಶಿಶು ತಾಯಿಯ ಗರ್ಭದಲ್ಲಿರುವಾಗ ವೃಷಣಗಳು ಉದರದಿಂದ ಈ ಹಾದಿಯಾಗಿಯೇ ಕೆಳಗಿಳಿಯುತ್ತವೆ. ಅವು ಇಳಿದ ಬಳಿಕ ಹಾದಿ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಅದು ಪೂರ್ತಿಯಾಗಿ ಮುಚ್ಚದೆ ಉಳಿಯುತ್ತದೆ. ಇನ್ನು ಕೆಲವರಲ್ಲಿ ವಯಸ್ಸು ಏರಿದಂತೆ ನಾಳದ ಹಿಂಬದಿಯ ಗೋಡೆಯೇ ಸಡಿಲವಾಗುತ್ತದೆ. ಹೀಗೆ ದುರ್ಬಲವಾದ ಜಾಗದಿಂದ ಉದರದ ಒಳಪೊರೆಯು ಚೀಲದಂತೆ ಹೊರಚಾಚುತ್ತದೆ. ಆ ಚೀಲದೊಳಕ್ಕೆ ಕೊಬ್ಬೋ ಕರುಳೋ ಜಾರಿಬರುವುದೇ ಹರ್ನಿಯಾ. ನಿಂತಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಗಂಟು ತೋರಿಕೊಳ್ಳುತ್ತದೆ, ಮಲಗಿದಾಗ ಮಾಯವಾಗುತ್ತದೆ.

ಈ ವ್ಯಾಧಿಯು ಭಾರತೀಯರಿಗೆ ಹೊಸತಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಇದಕ್ಕೆ ಅಂತ್ರವೃದ್ಧಿ ಎಂಬ ಹೆಸರಿದೆ. ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಕಾದಾಡುವುದು, ಮರದಿಂದ ಬೀಳುವುದು ಮುಂತಾದುವನ್ನು ಅಲ್ಲಿ ಕಾರಣಗಳೆಂದು ಹೇಳಿದೆ. ಒತ್ತಿದರೆ ಶಬ್ದದೊಡನೆ ಒಳಸರಿಯುವುದು, ಬಿಟ್ಟರೆ ಮತ್ತೆ ಉಬ್ಬುವುದು ಎಂಬ ಲಕ್ಷಣವನ್ನೂ ಅಲ್ಲಿ ಗುರುತಿಸಲಾಗಿದೆ. ಜನರ ಬಾಯಲ್ಲಿರುವ ಅಂಡವಾಯು ಎಂಬ ಮಾತು ಮಾತ್ರ ಹರ್ನಿಯಾಕ್ಕೂ, ವೃಷಣಚೀಲದಲ್ಲಿ ನೀರು ತುಂಬಿಕೊಳ್ಳುವ ಬೇರೊಂದು ವ್ಯಾಧಿಗೂ ಒಂದೇ ಸಮನಾಗಿ ಬಳಕೆಯಾಗುತ್ತದೆ. ಆದುದರಿಂದ ಗಂಟು ಯಾವುದೆಂಬುದನ್ನು ಮೊದಲು ವೈದ್ಯರೇ ನಿರ್ಣಯಿಸತಕ್ಕದ್ದು.

ಸಂಕೋಚಪಡುವವರು ತಿಳಿಯಬೇಕಾದ ಸಂಗತಿಯೊಂದಿದೆ. ಬ್ರಿಟನ್ನಿನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಗಣನೆಯೊಂದರ ಪ್ರಕಾರ, ಜೀವಮಾನದಲ್ಲಿ ಈ ಹರ್ನಿಯಾಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸಂಭವವು ಪುರುಷರಲ್ಲಿ ನೂರಕ್ಕೆ 27, ಸ್ತ್ರೀಯರಲ್ಲಿ ನೂರಕ್ಕೆ 3. ಇಷ್ಟು ಸಾಮಾನ್ಯವಾದ ವ್ಯಾಧಿಯಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ನಂಬಿಕೆಯ ಮೂಲ

ವ್ಯಾಯಾಮದಿಂದ ಹರ್ನಿಯಾ ಗುಣವಾಗುತ್ತದೆಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಗಂಟಿನ ಸ್ವಭಾವ. ಅಂಗಾತ ಮಲಗಿ ಕಾಲೆತ್ತಿದಾಗ ಕರುಳು ತನ್ನ ಭಾರದಿಂದಲೇ ಉದರದೊಳಕ್ಕೆ ಸರಿಯುತ್ತದೆ. ಸರ್ವಾಂಗಾಸನ, ವಿಪರೀತಕರಣಿಗಳಲ್ಲಿಯೂ ಹೀಗೆಯೇ ಆಗುತ್ತದೆ. ಅದನ್ನು ಕಂಡವನು ಆಸನದ ಫಲವೆಂದು ಭಾವಿಸುತ್ತಾನೆ. ಆದರೆ ಏನೂ ಮಾಡದೆ ಹಾಸಿಗೆಯಲ್ಲಿ ಮಲಗಿದ್ದರೂ ಗಂಟು ಒಳಗೆ ಹೋಗುತ್ತಿತ್ತು. ಎದ್ದು ನಿಂತರೆ ಅದು ಮತ್ತೆ ಬರುತ್ತದೆ.

ಎರಡನೆಯದು, ಎಳೆಯ ಮಕ್ಕಳ ಹೊಕ್ಕುಳಿನ ಹರ್ನಿಯಾ. ಅದು ಬಹುಪಾಲು ಮಕ್ಕಳಲ್ಲಿ ಕೆಲವು ವರ್ಷಗಳೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇದನ್ನು ಕಂಡ ಹಿರಿಯರು ತೊಡೆಸಂದಿನ ಹರ್ನಿಯಾಕ್ಕೂ ಅದೇ ನಿಯಮವನ್ನು ಅನ್ವಯಿಸುತ್ತಾರೆ. ಇದು ತಪ್ಪು. ಶಿಶುಗಳ ತೊಡೆಸಂದಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಳ್ಳುವ ಸಂಭವ ಹೆಚ್ಚು; ಅದಕ್ಕೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು.

ಮೂರನೆಯದರಲ್ಲಿ ಶಾಸ್ತ್ರೀಯವಾದ ಅಂಶವುಂಟು. ಆರೋಗ್ಯವಂತನು ಕೆಮ್ಮಿದಾಗ ಉದರದ ಸ್ನಾಯುಗಳು ಬಿಗಿದು, ಅಂಗಡಿಯ ಬಾಗಿಲಿನ ಷಟರ್ ಇಳಿದಂತೆ ನಾಳದ ಮೇಲೆ ಇಳಿದು ಅದನ್ನು ಮುಚ್ಚುತ್ತವೆ. ಸ್ನಾಯು ಬಲವಾದರೆ ಷಟರ್ ಬಲವಾಗುತ್ತದಲ್ಲವೆ ಎಂಬ ತರ್ಕ ಇಲ್ಲಿಂದ ಹುಟ್ಟಿತು. ಆದರೆ ತೂತು ಬಿದ್ದಿರುವುದು ಸ್ನಾಯುವಿನಲ್ಲಲ್ಲ, ತಂತುಪೊರೆಯಲ್ಲಿ. ವ್ಯಾಯಾಮದಿಂದ ಸ್ನಾಯು ಬೆಳೆಯುತ್ತದೆ. ಹರಿದ ಪೊರೆ ಬೆಸೆಯುವುದಿಲ್ಲ, ಹೊರಬಂದ ಚೀಲ ಮಾಯವಾಗುವುದಿಲ್ಲ. ಆದುದರಿಂದ ವಯಸ್ಕರಲ್ಲಿ ಒಮ್ಮೆ ಉಂಟಾದ ತೊಡೆಸಂದಿನ ಹರ್ನಿಯಾವನ್ನು ಯಾವ ವ್ಯಾಯಾಮವೂ ಮುಚ್ಚಲಾರದು ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಹಿತವಾದ ವ್ಯಾಯಾಮ, ಅಹಿತವಾದ ವ್ಯಾಯಾಮ

ಹಾಗೆಂದ ಮಾತ್ರಕ್ಕೆ ಹರ್ನಿಯಾ ಇರುವವನು ಕೈಕಾಲು ಆಡಿಸದೆ ಕುಳಿತಿರಬೇಕೆಂದಲ್ಲ. ಉದರದೊಳಗಿನ ಒತ್ತಡ ಕಡಿಮೆಯಾದಷ್ಟೂ ಹರ್ನಿಯಾ ಬೆಳೆಯುವ ವೇಗ ತಗ್ಗುತ್ತದೆ. ದಿನವೂ ಅರ್ಧ ಗಂಟೆಯ ನಡಿಗೆ, ನಿಧಾನವಾದ ದೀರ್ಘ ಉಸಿರಾಟ, ಕೈಕಾಲುಗಳ ಲಘು ಚಲನೆ, ಮಲಗಿ ಮಾಡುವ ಶವಾಸನ, ಇವು ಹಿತಕರ. ಬೊಜ್ಜು ಇಳಿಸುವುದು, ಬೀಡಿ ಸಿಗರೇಟುಗಳನ್ನು ಬಿಟ್ಟು ಕೆಮ್ಮನ್ನು ನಿಲ್ಲಿಸುವುದು, ಸೊಪ್ಪು ತರಕಾರಿ ಹಣ್ಣುಗಳಿಂದ ಮಲಬದ್ಧತೆಯನ್ನು ನೀಗುವುದು, ಇವು ವ್ಯಾಯಾಮಕ್ಕಿಂತಲೂ ಮುಖ್ಯ. ಐವತ್ತು ದಾಟಿದವರಿಗೆ ಮೂತ್ರ ಹೊರಡಲು ತಿಣುಕಬೇಕಾಗುತ್ತಿದ್ದರೆ ಪ್ರೊಸ್ಟೇಟ್ ಗ್ರಂಥಿಯನ್ನು ಪರೀಕ್ಷಿಸಿಕೊಳ್ಳಬೇಕು.

ಯೋಗಾಭ್ಯಾಸವು ಈ ನಗರದಲ್ಲಿ ಚೆನ್ನಾಗಿ ಬೇರೂರಿದೆ. ಶ್ರೀ ಯೋಗೇಂದ್ರರು 1918ರಲ್ಲಿ ಸ್ಥಾಪಿಸಿದ ಯೋಗ ಸಂಸ್ಥೆಯು ಸಾಂತಾಕ್ರೂಜ್‌ನಲ್ಲಿದೆ. ಲೋಣಾವಳದ ಕೈವಲ್ಯಧಾಮದ ಶಾಖೆ ಮರೀನ್ ಡ್ರೈವಿನಲ್ಲಿದೆ. ಅಭ್ಯಾಸಕ್ಕೆ ಎಲ್ಲಿಗೇ ಹೋಗಲಿ, ತನಗೆ ಹರ್ನಿಯಾ ಇದೆಯೆಂಬುದನ್ನು ಮೊದಲ ದಿನವೇ ಶಿಕ್ಷಕರಿಗೆ ತಿಳಿಸತಕ್ಕದ್ದು. ಪುಸ್ತಕ ನೋಡಿಯೋ ಮೊಬೈಲಿನಲ್ಲಿ ನೋಡಿಯೋ ಕಲಿಯುವವರು ಹೆಚ್ಚಿನ ಎಚ್ಚರಿಕೆ ವಹಿಸಬೇಕು. ಧನುರಾಸನ, ಭುಜಂಗಾಸನ, ನೌಕಾಸನ, ಮಯೂರಾಸನ, ನೌಲಿ, ಕಪಾಲಭಾತಿ, ಭಸ್ತ್ರಿಕಾ, ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತುವುದು, ಮಲಗಿದಲ್ಲಿಂದ ಎದ್ದೇಳುವ ಬೈಠಕ್, ವ್ಯಾಯಾಮಶಾಲೆಯ ತೂಕ ಎತ್ತುವಿಕೆ, ಇವೆಲ್ಲ ಉದರದ ಒತ್ತಡವನ್ನು ಹೆಚ್ಚಿಸುವಂಥವು, ಆದ್ದರಿಂದ ವರ್ಜ್ಯ. ಹರ್ನಿಯಾ ಗುಣಪಡಿಸಲೆಂದು ಹೊಟ್ಟೆಯ ಸ್ನಾಯುಗಳನ್ನು ಬಲವಂತವಾಗಿ ದಂಡಿಸುವವನು ಗಾಯವನ್ನು ತಾನೇ ದೊಡ್ಡದು ಮಾಡಿಕೊಂಡಾನು.

ಭಾರ ಹೊರುವ ಕೆಲಸದವರಿಗೆ ಒಂದು ಮಾತು. ವಯಸ್ಕ ಪುರುಷನು ಕೈಯಿಂದ ಸಾಗಿಸುವ ಭಾರವು 55 ಕಿಲೋ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತು. ಅದು ಆರೋಗ್ಯವಂತನಿಗೆ ಹೇಳಿದ ಮಿತಿ. ಹರ್ನಿಯಾ ಇರುವವನು ದೊಡ್ಡ ಪಾತ್ರೆಯನ್ನು ಇಬ್ಬರು ಸೇರಿ ಎತ್ತುವ, ಎತ್ತುವಾಗ ಉಸಿರನ್ನು ಬಿಗಿಹಿಡಿಯದೆ ಹೊರಬಿಡುವ ಅಭ್ಯಾಸ ಮಾಡಿಕೊಳ್ಳಬೇಕು. ಅಂಗಡಿಗಳಲ್ಲಿ ದೊರಕುವ ಹರ್ನಿಯಾ ಪಟ್ಟಿ ಗುಣಕಾರಿಯಲ್ಲ. ಶಸ್ತ್ರಚಿಕಿತ್ಸೆಗೆ ದೇಹಸ್ಥಿತಿ ಒಗ್ಗದವರಿಗೆ ಮಾತ್ರ ಅದು ತಾತ್ಕಾಲಿಕ ಆಸರೆ. ಮಲಗಿ, ಗಂಟು ಪೂರ್ತಿ ಒಳಹೋದ ಮೇಲೆಯೇ ಅದನ್ನು ಕಟ್ಟಿಕೊಳ್ಳಬೇಕು. ಹೊರಬಂದ ಕರುಳಿನ ಮೇಲೆ ಬಿಗಿದರೆ ಕರುಳಿಗೇ ಅಪಾಯ.

ಕಾಯಬಹುದೆ?

ಹರ್ನಿಯಾ ಕಂಡೊಡನೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ಹಿಂದಿನ ವೈದ್ಯರು ಹೇಳುತ್ತಿದ್ದರು. ಈ ಅಭಿಪ್ರಾಯವನ್ನು ಅಮೆರಿಕದಲ್ಲಿ ಪರೀಕ್ಷೆಗೆ ಒಡ್ಡಲಾಯಿತು. ಹೆಚ್ಚಿನ ತೊಂದರೆಯಿಲ್ಲದ 720 ಪುರುಷರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ ಮಾಡಿ, ಇನ್ನೊಂದನ್ನು ವೈದ್ಯರ ನಿಗಾದಲ್ಲಿ ಕಾಯಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಾಯುವವರಲ್ಲಿ ಕರುಳು ಸಿಕ್ಕಿಕೊಂಡು ತುರ್ತುಸ್ಥಿತಿ ಒದಗಿದ್ದು ಸಾವಿರ ಜನರಿಗೆ ವರ್ಷಕ್ಕೆ ಇಬ್ಬರಿಗಿಂತ ಕಡಿಮೆ. ಅಂದರೆ ತೊಂದರೆ ಕೊಡದ ಹರ್ನಿಯಾ ಇರುವ ಪುರುಷನು ವೈದ್ಯರ ಒಪ್ಪಿಗೆಯಿಂದ ಕಾಯಬಹುದು. ಊರಿಗೆ ಹೋದಾಗ ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸಿಕೊಳ್ಳೋಣ, ಮನೆಯವರು ಆರೈಕೆಗೆ ಇರುತ್ತಾರೆ ಎಂದು ಯೋಚಿಸುವವರಿಗೆ ಇದು ಸಮಾಧಾನದ ಸುದ್ದಿ.

ಆದರೆ ಅದೇ ಅಧ್ಯಯನದ ಮುಂದಿನ ಭಾಗವನ್ನೂ ಓದಬೇಕು. ಕಾಯುತ್ತಿದ್ದವರಲ್ಲಿ ಎರಡು ವರ್ಷಗಳೊಳಗೆ ಸುಮಾರು ನಾಲ್ಕರಲ್ಲಿ ಒಬ್ಬರೂ, ಹತ್ತು ವರ್ಷಗಳೊಳಗೆ ಶೇಕಡ 68 ಮಂದಿಯೂ ಶಸ್ತ್ರಚಿಕಿತ್ಸೆಗೆ ಬಂದರೆಂದು 2013ರ ವರದಿ ಅಂದಾಜು ಮಾಡಿತು. ಬಂದವರ ಮುಖ್ಯ ಕಾರಣ ನೋವು. ಆದುದರಿಂದ ಕಾಯುವುದೆಂದರೆ ಬಹುಮಟ್ಟಿಗೆ ಮುಂದೂಡುವುದೇ ಹೊರತು ತಪ್ಪಿಸಿಕೊಳ್ಳುವುದಲ್ಲ. ಇದರ ಜೊತೆಗೆ, ಈ ರಿಯಾಯಿತಿ ಸ್ತ್ರೀಯರಿಗೆ ಅನ್ವಯಿಸುವುದಿಲ್ಲ. ಅವರಲ್ಲಿ ತೊಡೆಸಂದಿನ ಮಡಿಕೆಯ ಕೆಳಗೆ ಬರುವ ಮತ್ತೊಂದು ಬಗೆಯ ಹರ್ನಿಯಾ ಇದ್ದೀತು; ಅದರಲ್ಲಿ ಕರುಳು ಬಿಗಿದುಕೊಳ್ಳುವ ಸಂಭವ ಬಹಳ ಹೆಚ್ಚು.

ಕಾಯಲೇಬಾರದ ಸಂದರ್ಭ

ದಿನವೂ ಒಳಹೋಗುತ್ತಿದ್ದ ಗಂಟು ಒಂದು ದಿನ ಒಳಹೋಗದೆ ನಿಂತರೆ, ಕಲ್ಲಿನಂತೆ ಗಟ್ಟಿಯಾದರೆ, ಮುಟ್ಟಿದರೆ ಸಹಿಸಲಾಗದ ನೋವಾದರೆ, ಮೇಲಿನ ಚರ್ಮ ಕೆಂಪಾದರೆ, ವಾಂತಿಯಾಗಿ ಹೊಟ್ಟೆ ಉಬ್ಬಿ ಮಲವೂ ವಾಯುವೂ ನಿಂತರೆ, ಕರುಳು ಸಂದಿನಲ್ಲಿ ಸಿಕ್ಕಿ ಅದರ ರಕ್ತಸಂಚಾರ ನಿಲ್ಲುತ್ತಿದೆ ಎಂದು ತಿಳಿಯಬೇಕು. ಕೆಲವೇ ಗಂಟೆಗಳಲ್ಲಿ ಆ ಭಾಗದ ಕರುಳು ಕೊಳೆಯತೊಡಗುತ್ತದೆ. ಆಗ ಆಸನ, ತೈಲಮರ್ದನ, ಬಿಸಿನೀರಿನ ಶಾಖ, ಭೇದಿಯ ಔಷಧ ಯಾವುದೂ ಕೂಡದು. ಗಂಟನ್ನು ಬಲವಂತವಾಗಿ ಒಳತಳ್ಳಬಾರದು. ಏನನ್ನೂ ತಿನ್ನದೆ ಕುಡಿಯದೆ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಡನೆ ಹೋಗಬೇಕು. 108ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ಬರುತ್ತದೆ. ಬೆಳಗಾಗಲಿ, ಮಾಲೀಕರು ಬರಲಿ, ರಾತ್ರಿಯ ಬಸ್ಸು ಹಿಡಿದು ಊರಿಗೇ ಹೋಗೋಣ ಎಂಬ ಆಲೋಚನೆ ಪ್ರಾಣಕ್ಕೇ ಎರವಾದೀತು. ಹೋಟೆಲಿನ ಮಹಡಿಯಲ್ಲೋ ಬಾಡಿಗೆಯ ಕೋಣೆಯಲ್ಲೋ ಒಟ್ಟಿಗೆ ವಾಸಿಸುವ ಸಂಗಡಿಗರಲ್ಲಿ ಒಬ್ಬನಿಗಾದರೂ ತನ್ನ ವ್ಯಾಧಿಯ ವಿಷಯ ತಿಳಿಸಿರುವುದು ಈ ಕಾರಣಕ್ಕಾಗಿ ಅತ್ಯವಶ್ಯ.

ಶಸ್ತ್ರಚಿಕಿತ್ಸೆಯ ಭಯ

ಹಿರಿಯರಲ್ಲಿ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಇರುವ ಭಯಕ್ಕೆ ಆಧಾರವಿಲ್ಲದಿಲ್ಲ. ಇಟಲಿಯ ಬಾಸಿನಿ ಎಂಬ ವೈದ್ಯರು 1880ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ದೂರವಿರುವ ಅಂಗಾಂಶಗಳನ್ನು ಎಳೆದು ಹೊಲಿಯುತ್ತಿದ್ದರು. ಅದರಿಂದ ನೋವು ಹೆಚ್ಚು, ವಿಶ್ರಾಂತಿಯ ಅವಧಿ ದೀರ್ಘ. ಎಷ್ಟೋ ಮಂದಿಗೆ ಹರ್ನಿಯಾ ಮರುಕಳಿಸುತ್ತಿತ್ತು. ಅಮೆರಿಕದ ಲಿಕ್ಟನ್‌ಸ್ಟೈನ್ ಅವರು 1984ರಿಂದ ಆಚರಣೆಗೆ ತಂದ ವಿಧಾನದಲ್ಲಿ ಎಳೆದು ಹೊಲಿಯುವ ಬದಲು ದುರ್ಬಲ ಜಾಗಕ್ಕೆ ಜಾಲರಿಯ ತೇಪೆ ಹಾಕುತ್ತಾರೆ. ಇದನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿಯೂ ಈಗ ಬಳಕೆಯಲ್ಲಿದೆ. ಆ ಬಗೆಯ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ಭಾರತದಲ್ಲಿ ಮೊತ್ತಮೊದಲು ನಡೆಸಿದವರು ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ, ಇಲ್ಲಿನ ಸರ್ ಜೆ. ಜೆ. ಆಸ್ಪತ್ರೆಯಲ್ಲಿ.

ಜಾಲರಿ ದುಬಾರಿಯೆಂಬ ಆತಂಕಕ್ಕೂ ಮಹಾರಾಷ್ಟ್ರದಿಂದಲೇ ಉತ್ತರ ದೊರಕಿದೆ. ಧುಳೆ ಜಿಲ್ಲೆಯ ದೊಂಡಾಯಿಚಾದ ಶಸ್ತ್ರವೈದ್ಯ ಡಾ. ರವೀಂದ್ರನಾಥ ತೊಂಗಾವಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಿಗೊಳಿಸಿ ಜಾಲರಿಯಾಗಿ ಬಳಸಿ, ಅದರ ಫಲಿತಾಂಶವನ್ನು ಸಹೋದ್ಯೋಗಿಗಳೊಡನೆ 2003ರಲ್ಲಿ ಪ್ರಕಟಿಸಿದರು. ಇಂತಹ ಅಗ್ಗದ ಜಾಲರಿಯು ದುಬಾರಿ ಜಾಲರಿಗೆ ಸಮನಾದ ಫಲ ನೀಡಿತೆಂದು ಯುಗಾಂಡದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೂ ತೋರಿಸಿತು.

ಶಸ್ತ್ರಚಿಕಿತ್ಸೆಯಲ್ಲಿ ದೋಷವೇ ಇಲ್ಲವೆಂದಲ್ಲ. ನೂರಕ್ಕೆ ಹತ್ತು ಹನ್ನೆರಡು ಮಂದಿಗೆ ಆ ಜಾಗದಲ್ಲಿ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ತೊಂದರೆಯಿಲ್ಲದವನು ಕಾಯಬಹುದೆಂದು ವೈದ್ಯರು ಒಪ್ಪುವುದಕ್ಕೆ ಇದೂ ಒಂದು ಕಾರಣ.

ಖರ್ಚಿನ ವಿಷಯದಲ್ಲಿ ಪರೇಲದ ಕೆ.ಇ.ಎಂ., ಸಾಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಜುಹುವಿನ ಕೂಪರ್ ಮೊದಲಾದ ಮಹಾನಗರಪಾಲಿಕೆಯ ಆಸ್ಪತ್ರೆಗಳನ್ನು ಮರೆಯಬಾರದು. ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕಾರ್ಮಿಕನಿಗೆ, ನಿಗದಿತ ವಂತಿಗೆ ಸಂದಿದ್ದರೆ, ಚಿಕಿತ್ಸೆಯಲ್ಲದೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡ 70ರಷ್ಟು ಭತ್ಯೆಯೂ ದೊರಕುತ್ತದೆ. ತನ್ನ ಹೆಸರು ಆ ಯೋಜನೆಯಲ್ಲಿ ಇದೆಯೇ ಎಂಬುದನ್ನು ಪ್ರತಿಯೊಬ್ಬ ಹೋಟೆಲ್ ಕಾರ್ಮಿಕನೂ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಭಾರ ಎತ್ತಲಾಗದ ನೌಕರನಿಗೆ ಕೆಲವು ವಾರ ಗಲ್ಲೆಯ ಬಳಿಯ ಹಗುರ ಕೆಲಸ ಕೊಡುವುದು ಮಾಲೀಕರಿಗೂ ಅಸಾಧ್ಯವಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ವ್ಯಾಯಾಮವೂ ಶಸ್ತ್ರಚಿಕಿತ್ಸೆಯೂ ಒಂದಕ್ಕೊಂದು ವಿರೋಧಿಗಳಲ್ಲ; ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು, ಅಷ್ಟೆ. ಮಿತವಾದ ವ್ಯಾಯಾಮ ದೇಹವನ್ನು ಹಗುರವಾಗಿಡುತ್ತದೆ, ಮುಂದೆ ಶಸ್ತ್ರಚಿಕಿತ್ಸೆಗೆ ಅದನ್ನು ಅಣಿಗೊಳಿಸುತ್ತದೆ. ತೂತನ್ನು ಮುಚ್ಚುವುದು ಶಸ್ತ್ರವೈದ್ಯನ ಕೈ. ಕಾಯುವುದೋ ಮಾಡಿಸಿಕೊಳ್ಳುವುದೋ ಎಂಬ ನಿರ್ಧಾರವು ವೈದ್ಯರ ಪರೀಕ್ಷೆಯ ನಂತರ ಬರಲಿ, ಪರೀಕ್ಷೆಗೆ ಬದಲಾಗಿ ಅಲ್ಲ. ತೊಡೆಸಂದಿನಲ್ಲಿ ಗಂಟು ಕಂಡವರು ಈ ವಾರವೇ ಸಂಕೋಚ ತೊರೆದು ವೈದ್ಯರಿಗೆ ತೋರಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.